ಎಣಿಕೆ ಸರಿಯಿದ್ದರೂ ರಕ್ತ ನಿಲ್ಲದ ಮರಿ

ಹಾಲುಹಲ್ಲು ಬೀಳುವಾಗ ನಿಮ್ಮ ಬ್ಯಾಸೆಟ್ ಹೌಂಡ್ ಮರಿಯ ವಸಡಿನಿಂದ ಎರಡು ದಿನ ರಕ್ತ ಒಸರುತ್ತಲೇ ಇತ್ತು, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳ ಎಣಿಕೆ ಸರಿಯಾಗಿಯೇ ಬಂತು, ಕೊನೆಗೆ ಡಿಎನ್‌ಎ ಪರೀಕ್ಷೆಯಲ್ಲಿ ಥ್ರಾಂಬೋಪತಿ ಎಂಬ ಆನುವಂಶಿಕ ರಕ್ತಸ್ರಾವದ ಕಾಯಿಲೆ ಎಂದು ಗೊತ್ತಾಯಿತು ಎಂದು ಬರೆದಿದ್ದೀರಿ. ಅಪ್ಪ ಅಮ್ಮ ಎರಡೂ ಗಟ್ಟಿಮುಟ್ಟಾಗಿರುವಾಗ ಮರಿಗೆ ಇದು ಬಂದದ್ದು ಹೇಗೆ, ದೋಷದ ಜೀನ್ ಇದ್ದೂ ಕಾಯಿಲೆ ಕಾಣದ ವಾಹಕ ನಾಯಿಗಳಿಂದ ಇನ್ನು ಮರಿಯನ್ನೇ ಪಡೆಯಬಾರದಲ್ಲವೇ ಎಂದು ಕೇಳಿದ್ದೀರಿ.

ಈ ಕಾಯಿಲೆಯಲ್ಲಿ ಪ್ಲೇಟ್‌ಲೆಟ್‌ಗಳಿಗೆ ಕೊರತೆಯಿಲ್ಲ. ಗಾಯವಾದಾಗ ಅವು ಒಂದಕ್ಕೊಂದು ಅಂಟಿಕೊಳ್ಳುವಂತೆ ಮಾಡುವ ಒಳಗಿನ ಸಂಕೇತವೇ ಕೆಟ್ಟಿರುತ್ತದೆ. ಎಣಿಕೆಯಲ್ಲಿ ಅದು ಕಾಣುವುದಿಲ್ಲ. ಅದಕ್ಕೇ ವೈದ್ಯರು ತುಟಿಯ ಒಳಬದಿಯಲ್ಲಿ ಸಣ್ಣ ಗೀರು ಹಾಕಿ, ರಕ್ತ ನಿಲ್ಲಲು ಎಷ್ಟು ಹೊತ್ತು ಬೇಕೆಂದು ನೋಡುತ್ತಾರೆ. ಆರೋಗ್ಯವಂತ ನಾಯಿಯಲ್ಲಿ ಸಾಮಾನ್ಯವಾಗಿ ಸುಮಾರು 4 ನಿಮಿಷದೊಳಗೆ ನಿಲ್ಲುತ್ತದೆ. ಕವಾಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್‌ಗಳ ಕಥೆ ಇದಕ್ಕೆ ತದ್ವಿರುದ್ಧ: ಎಷ್ಟೋ ನಾಯಿಗಳಲ್ಲಿ ಹುಟ್ಟಿನಿಂದಲೇ ಪ್ಲೇಟ್‌ಲೆಟ್‌ಗಳು ಗಾತ್ರದಲ್ಲಿ ದೊಡ್ಡವು, ಸಂಖ್ಯೆಯಲ್ಲಿ ಕಡಿಮೆ, ಆದರೂ ರಕ್ತಸ್ರಾವದ ತೊಂದರೆ ಇರುವುದಿಲ್ಲ. ಬರೀ ಸಂಖ್ಯೆ ನೋಡಿ ಗಾಬರಿಯಾಗಿ ಅವಕ್ಕೆ ಬೇಡದ ಔಷಧ ಕೊಡುವುದೂ ಉಂಟು.

ಥ್ರಾಂಬೋಪತಿ ಬರಬೇಕಾದರೆ ದೋಷವಿರುವ ಜೀನ್ ಅಪ್ಪ ಅಮ್ಮ ಇಬ್ಬರಿಂದಲೂ ಬರಬೇಕು. ಒಬ್ಬರಿಂದ ಮಾತ್ರ ಬಂದರೆ ನಾಯಿ ವಾಹಕವಾಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ನಿಮ್ಮ ಮರಿಯ ಅಪ್ಪ ಅಮ್ಮ ಇಂಥವೇ. ಎರಡು ವಾಹಕಗಳನ್ನು ಕೂಡಿಸಿದರೆ ಪ್ರತಿ ಮರಿಗೂ ಕಾಯಿಲೆಯ ಸಾಧ್ಯತೆ ಶೇ. 25, ವಾಹಕವಾಗುವ ಸಾಧ್ಯತೆ ಶೇ. 50.

ಆದರೂ ವಾಹಕಗಳನ್ನೆಲ್ಲ ಕೈಬಿಡಬೇಕೆಂಬ ಮಾತನ್ನು ನಾನು ಒಪ್ಪಲಾರೆ. ಆಟರ್‌ಹೌಂಡ್‌ನಂಥ ತಳಿಯನ್ನೇ ನೋಡಿ. ಅದರಲ್ಲಿ ಗ್ಲಾಂಜ್‌ಮನ್ ಥ್ರಾಂಬಾಸ್ತೀನಿಯಾ ಎಂಬ ಪ್ಲೇಟ್‌ಲೆಟ್ ದೋಷವಿದೆ, ಆ ತಳಿಯ ನಾಯಿಗಳ ಒಟ್ಟು ಸಂಖ್ಯೆಯೂ ಬಹಳ ಕಡಿಮೆ. ವಾಹಕಗಳನ್ನೆಲ್ಲ ಬಿಟ್ಟರೆ ಉಳಿದ ಕೆಲವೇ ನಾಯಿಗಳ ನಡುವೆ ರಕ್ತಸಂಬಂಧ ಇನ್ನಷ್ಟು ಹತ್ತಿರವಾಗಿ, ಅಡಗಿದ್ದ ಬೇರೊಂದು ದೋಷ ತಲೆಯೆತ್ತಬಹುದು. ಒಳ್ಳೆಯ ವಾಹಕಕ್ಕೆ ದೋಷಮುಕ್ತ ಜೋಡಿ ಹುಡುಕಿದರೆ ಒಂದು ಮರಿಗೂ ಈ ಕಾಯಿಲೆ ಬರುವುದಿಲ್ಲ. ಆ ಮರಿಗಳನ್ನು ಪರೀಕ್ಷಿಸಿ, ದೋಷಮುಕ್ತವಾದವನ್ನು ಮುಂದಿನ ಪೀಳಿಗೆಗೆ ಆರಿಸಿಕೊಳ್ಳಬಹುದು. ಪರೀಕ್ಷೆ ಲಭ್ಯವಿದ್ದೂ ಮಾಡಿಸದೆ ಮರಿ ಹಾಕಿಸುವುದಕ್ಕೆ ಮಾತ್ರ ಕ್ಷಮೆಯಿಲ್ಲ. ‘ಅಪ್ಪ ಅಮ್ಮ ಆರೋಗ್ಯವಾಗಿವೆ’ ಎನ್ನುವ ಬ್ರೀಡರ್‌ನಿಂದ ಎರಡರ ವರದಿಯನ್ನೂ ಕೇಳಿ ಪಡೆಯಿರಿ.

ನಿಮ್ಮ ಮರಿಗೆ ಆಸ್ಪಿರಿನ್ ಕೊಡಲೇಬೇಡಿ. ಯಾವ ಶಸ್ತ್ರಚಿಕಿತ್ಸೆಯಿದ್ದರೂ ಮೊದಲೇ ಕಾಯಿಲೆಯ ವಿಷಯ ತಿಳಿಸಿ, ರಕ್ತ ಕೊಡುವ ಏರ್ಪಾಟು ಮಾಡಿಸಿ. ಅದೇ ಸೂಲಿನ ಉಳಿದ ಮರಿಗಳ ಮನೆಯವರಿಗೆ ಈ ವಾರವೇ ಸುದ್ದಿ ಮುಟ್ಟಿಸಿ. ಅವುಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸುವ ಮುನ್ನ ಡಿಎನ್‌ಎ ಪರೀಕ್ಷೆ ಆಗಲೇಬೇಕು.

– ಸಂ.