ವಿದೇಶದಲ್ಲಿದ್ದುಕೊಂಡು ತಾಯ್ನಾಡಿನ ಟಿವಿ ನೋಡಲು ವಿಪಿಎನ್ ಒಂದೇ ದಾರಿಯೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ: ಕೆಲಸದ ನಿಮಿತ್ತ ಹೊರದೇಶಕ್ಕೆ ಬಂದು ಎರಡು ತಿಂಗಳಾಗಿದೆ, ಊರಿನಲ್ಲಿದ್ದಾಗ ಮಾಡಿಸಿದ ಸ್ಟ್ರೀಮಿಂಗ್ ಚಂದಾ ಇನ್ನೂ ಚಾಲ್ತಿಯಲ್ಲಿದೆ, ಲಾಗಿನ್ ಕೂಡ ಆಗುತ್ತದೆ, ಆದರೆ ಯಾವ ಕಾರ್ಯಕ್ರಮವನ್ನು ಒತ್ತಿದರೂ ‘ಇದು ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ’ ಎಂಬ ಸಾಲೊಂದೇ ಕಾಣಿಸುತ್ತದೆ. ಹಣ ಕೊಟ್ಟವರನ್ನೇ ಹೊರಗೆ ನಿಲ್ಲಿಸುವುದು ಯಾವ ನ್ಯಾಯ, ವಿಪಿಎನ್ (ನಾವು ಬೇರೆ ದೇಶದಲ್ಲಿರುವಂತೆ ತೋರಿಸುವ ಸೇವೆ) ಹಾಕಿಕೊಂಡರೆ ಸರಿಹೋದೀತೇ ಎಂದು ಕೇಳಿದ್ದೀರಿ. ಹೊರದೇಶದಲ್ಲಿ ಹನ್ನೊಂದು ವರ್ಷ ಕಳೆದು, ಈ ವಿಷಯದಲ್ಲಿ ಮಾಡಬಹುದಾದ ತಪ್ಪುಗಳನ್ನೆಲ್ಲ ಮಾಡಿ ಮುಗಿಸಿದವನಾಗಿ ಉತ್ತರಿಸುತ್ತಿದ್ದೇನೆ. ವಿಪಿಎನ್ ಕೆಲವೊಮ್ಮೆ ಕೆಲಸ ಮಾಡುತ್ತದೆ. ಆದರೆ ಅದಕ್ಕಿಂತ ಮೊದಲು ತಟ್ಟಿ ನೋಡಬೇಕಾದ ಬಾಗಿಲುಗಳು ಹಲವಿವೆ.

ಮೊದಲು ಆ ಒಂದು ಸಾಲಿನ ಹಿಂದೆ ಏನಿದೆ ಎಂಬುದನ್ನು ನೋಡೋಣ, ಏಕೆಂದರೆ ಅದು ತಿಳಿದರೆ ಅರ್ಧ ಸಿಟ್ಟು ಇಳಿಯುತ್ತದೆ, ಯಾವುದು ಸಿಗುತ್ತದೆ ಯಾವುದು ಸಿಗುವುದಿಲ್ಲ ಎಂಬ ಅಂದಾಜೂ ಬರುತ್ತದೆ. ನೀವು ಚಂದಾ ಕೊಟ್ಟ ಸಂಸ್ಥೆಯ ಬಳಿ ಇರುವ ಕಾರ್ಯಕ್ರಮಗಳಲ್ಲಿ ಬಹುಪಾಲು ಅದರ ಸ್ವಂತದ್ದಲ್ಲ. ಸಿನಿಮಾ, ಪಂದ್ಯ, ಹೊರಗಿನಿಂದ ಕೊಂಡ ಧಾರಾವಾಹಿ, ಇವೆಲ್ಲದರ ಪ್ರಸಾರ ಹಕ್ಕು ದೇಶದೇಶಕ್ಕೆ ಬೇರೆಬೇರೆಯಾಗಿ ಮಾರಾಟವಾಗುತ್ತದೆ. ನಿಮ್ಮ ಸಂಸ್ಥೆ ಕೊಂಡದ್ದು ಒಂದು ದೇಶದ ಗಡಿಯೊಳಗೆ ತೋರಿಸುವ ಹಕ್ಕನ್ನು ಮಾತ್ರ. ಗಡಿಯಾಚೆ ಅದೇ ಪಂದ್ಯಕ್ಕೆ ಇನ್ನೊಬ್ಬರು ಹಣ ಸುರಿದು ಕೂತಿರುತ್ತಾರೆ. ಸಂಸ್ಥೆ ತಾನೇ ತಯಾರಿಸಿದ ಕಾರ್ಯಕ್ರಮದಲ್ಲಿಯೂ ಹಿನ್ನೆಲೆಯಲ್ಲಿ ಬಳಸಿದ ಒಂದು ಹಾಡಿನ ಹಕ್ಕು ದೇಶದೊಳಕ್ಕಷ್ಟೇ ಸೀಮಿತವಾಗಿದ್ದರೆ ಇಡೀ ಸಂಚಿಕೆಗೆ ಬೀಗ ಬೀಳುತ್ತದೆ. ಒಲಿಂಪಿಕ್ಸ್ ನಡೆಯುವಾಗ ಅಂತಾರಾಷ್ಟ್ರೀಯ ಸುದ್ದಿ ವಾಹಿನಿಗಳನ್ನು ಗಮನಿಸಿ. ಹಕ್ಕಿಲ್ಲದ ವಾಹಿನಿಗಳು ಓಟದ ದೃಶ್ಯ ತೋರಿಸಲಾಗದೆ ಸ್ಥಿರಚಿತ್ರಗಳನ್ನಿಟ್ಟು ಸುದ್ದಿ ಓದುತ್ತವೆ. ಜಗತ್ತಿನಾದ್ಯಂತ ಕಚೇರಿಗಳಿರುವ ಸಂಸ್ಥೆಯ ಪಾಡೇ ಇದಾದರೆ, ನಮ್ಮ ಒಂದು ಖಾತೆಯ ಮೇಲೆ ಯಾರಿಗೂ ವೈಯಕ್ತಿಕ ದ್ವೇಷವಿಲ್ಲ ಎಂಬುದು ಖಚಿತ.

ನೀವು ಎಲ್ಲಿದ್ದೀರಿ ಎಂಬುದನ್ನು ಮುಖ್ಯವಾಗಿ ಹೇಳುವುದು ಐಪಿ ವಿಳಾಸ, ಅಂದರೆ ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ. ಜಗತ್ತಿನ ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳು ಈ ವಿಳಾಸಗಳನ್ನು ಕಂತೆಕಂತೆಯಾಗಿ ಇಂಟರ್ನೆಟ್ ಕಂಪನಿಗಳಿಗೆ ಹಂಚುತ್ತವೆ. ಯಾವ ಕಂತೆ ಯಾವ ದೇಶದ್ದು ಎಂಬ ಪಟ್ಟಿಗಳನ್ನು ಬೇರೆ ಕಂಪನಿಗಳು ಇಟ್ಟುಕೊಂಡು ಮಾರುತ್ತವೆ, ಸ್ಟ್ರೀಮಿಂಗ್ ಸಂಸ್ಥೆ ಆ ಪಟ್ಟಿಯನ್ನು ನೋಡಿ ನಿಮ್ಮನ್ನು ಒಳಗೆ ಬಿಡುತ್ತದೆ ಅಥವಾ ಬಿಡುವುದಿಲ್ಲ. ಇಷ್ಟೇ ಆಗಿದ್ದರೆ ವಿಪಿಎನ್ ಸಾಕಾಗುತ್ತಿತ್ತು. ಆದರೆ ಮೊಬೈಲ್ ಆ್ಯಪ್‌ಗೆ ಸಿಮ್ ಯಾವ ದೇಶದ್ದು ಎಂಬುದೂ ಕಾಣುತ್ತದೆ, ಅನುಮತಿ ಕೊಟ್ಟಿದ್ದರೆ ಜಿಪಿಎಸ್ ಕೂಡ ಕಾಣುತ್ತದೆ, ಆ್ಯಪ್ ಸ್ಟೋರ್ ಖಾತೆಯ ದೇಶ ಮತ್ತು ಹಣ ಪಾವತಿಸಿದ ಕಾರ್ಡಿನ ದೇಶವೂ ಲೆಕ್ಕಕ್ಕೆ ಬರುತ್ತವೆ.

ಇನ್ನು ವಿಪಿಎನ್. ಅದು ನಿಮ್ಮ ಸಂಪರ್ಕವನ್ನು ತಾಯ್ನಾಡಿನಲ್ಲಿರುವ ಒಂದು ಸರ್ವರ್‌ವರೆಗೆ ಗೂಢಲಿಪಿಯಲ್ಲಿ ಒಯ್ದು, ಅಲ್ಲಿಂದ ಹೊರಟಂತೆ ತೋರಿಸುತ್ತದೆ. ತೊಂದರೆ ಇರುವುದು ಆ ಸರ್ವರಿನ ವಿಳಾಸದಲ್ಲಿ. ಅದು ಮನೆಗಳಿಗೆ ಕೊಡುವ ವಿಳಾಸವಾಗಿರದೆ ಯಾವುದೋ ಡೇಟಾ ಸೆಂಟರ್‌ನದ್ದಾಗಿರುತ್ತದೆ, ಒಂದೇ ವಿಳಾಸದಿಂದ ನೂರಾರು ಖಾತೆಗಳು ಏಕಕಾಲಕ್ಕೆ ಲಾಗಿನ್ ಆಗುತ್ತಿರುತ್ತವೆ. ಇದನ್ನು ಗುರುತಿಸುವುದಕ್ಕೆ ದೊಡ್ಡ ಜಾಣತನವೇನೂ ಬೇಡ. ನೆಟ್‌ಫ್ಲಿಕ್ಸ್ 2016ರ ಜನವರಿಯಲ್ಲಿಯೇ ಇಂಥ ಸಂಪರ್ಕಗಳನ್ನು ತಡೆಯುವುದಾಗಿ ಪ್ರಕಟಿಸಿತು, ಬಳಿಕ ಉಳಿದ ದೊಡ್ಡ ಸಂಸ್ಥೆಗಳೂ ಅದೇ ಹಾದಿ ಹಿಡಿದವು. ನಾನು ಒಮ್ಮೆ ರಿಯಾಯಿತಿಯ ಆಸೆಗೆ ಎರಡು ವರ್ಷದ ಹಣವನ್ನು ಒಟ್ಟಿಗೆ ಕಟ್ಟಿದೆ. ಮೂರು ವಾರ ಚೆನ್ನಾಗಿ ನಡೆದು, ನಾಲ್ಕನೆಯ ವಾರದಿಂದ ನನಗೆ ಬೇಕಾಗಿದ್ದ ಒಂದೇ ಒಂದು ಆ್ಯಪ್ ಮಾತ್ರ ತೆರೆಯಲಿಲ್ಲ. ಕೊಳ್ಳಲೇಬೇಕೆಂದಿದ್ದರೆ ತಿಂಗಳ ಲೆಕ್ಕದಲ್ಲಿ ಕೊಳ್ಳಿ.

ಇನ್ನೊಂದು ಸಣ್ಣ ಸಂಗತಿ ನನ್ನ ಒಂದು ಇಡೀ ಭಾನುವಾರವನ್ನು ನುಂಗಿತು. ವಿಪಿಎನ್ ಚಾಲೂ ಇದೆ, ವಿಳಾಸ ಪರೀಕ್ಷಿಸುವ ತಾಣವೂ ತಾಯ್ನಾಡನ್ನೇ ತೋರಿಸುತ್ತಿದೆ, ಆದರೂ ಆ್ಯಪ್ ಬಿಡುತ್ತಿಲ್ಲ. ಕೊನೆಗೆ ಗೊತ್ತಾಯಿತು: ನನ್ನ ವಿಪಿಎನ್ ಹಳೆಯ ಮಾದರಿಯ ಐಪಿ ವಿಳಾಸದ (ಐಪಿವಿ4) ಸಂಪರ್ಕವನ್ನಷ್ಟೇ ಹೊತ್ತೊಯ್ಯುತ್ತಿತ್ತು, ಹೊಸ ಮಾದರಿಯ ಐಪಿವಿ6 ಸಂಪರ್ಕ ಮಾತ್ರ ನಾನಿದ್ದ ದೇಶದ ವಿಳಾಸ ಹೊತ್ತು ಹಿಂಬಾಗಿಲಿನಿಂದ ನೇರವಾಗಿ ಹೊರಗೆ ಹೋಗುತ್ತಿತ್ತು. ರೌಟರ್‌ನಲ್ಲಿ ಐಪಿವಿ6 ನಿಲ್ಲಿಸಿದೊಡನೆ ಚಿತ್ರ ಬಂತು. ನಿಮಗೂ ಇಂಥ ಅನುಭವವಾದರೆ ಮೊದಲು ಇದನ್ನೇ ನೋಡಿ.

ಉಚಿತ ವಿಪಿಎನ್‌ಗಳ ತಂಟೆಗೆ ಹೋಗಬೇಡಿ. ಸರ್ವರ್ ನಡೆಸುವ ಖರ್ಚನ್ನು ಅವರು ಬೇರೆ ಎಲ್ಲಿಂದಲೋ ವಸೂಲಿ ಮಾಡಿಕೊಳ್ಳಬೇಕು, ಅವರ ಕೈಯಲ್ಲಿರುವುದು ನಿಮ್ಮ ಮಾಹಿತಿ. ನೀವು ಯಾವ ದೇಶದಲ್ಲಿದ್ದೀರಿ ಎಂದು ಬರೆದಿಲ್ಲವಾದ್ದರಿಂದ ಇನ್ನೊಂದು ಮಾತು ಹೇಳಲೇಬೇಕು. ಹೆಚ್ಚಿನ ದೇಶಗಳಲ್ಲಿ ವಿಪಿಎನ್ ಬಳಕೆ ಅಪರಾಧವಲ್ಲ, ಹೆಚ್ಚೆಂದರೆ ಅದು ಸ್ಟ್ರೀಮಿಂಗ್ ಸಂಸ್ಥೆಯೊಂದಿಗಿನ ಕರಾರಿನ ಉಲ್ಲಂಘನೆಯಾಗಿ ಖಾತೆ ರದ್ದಾಗಬಹುದು. ಆದರೆ ಚೀನಾದಲ್ಲಿ ಸರ್ಕಾರದ ಒಪ್ಪಿಗೆಯಿಲ್ಲದ ವಿಪಿಎನ್ ಸೇವೆಗಳಿಗೆ ಅವಕಾಶವಿಲ್ಲ, ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ವಿಪಿಎನ್ ಬಳಸಿ ಕಾನೂನುಬಾಹಿರ ಕೆಲಸ ಮಾಡಿದರೆ ದೊಡ್ಡ ದಂಡವಿದೆ. ಒಂದು ಧಾರಾವಾಹಿಗಾಗಿ ವೀಸಾವನ್ನು ಪಣಕ್ಕಿಡುವಷ್ಟು ರಸ ಯಾವ ಕಥೆಯಲ್ಲಿಯೂ ಇರುವುದಿಲ್ಲ.

ಹಾಗಾದರೆ ಮೊದಲು ಮಾಡಬೇಕಾದದ್ದೇನು? ನಿಮಗೆ ನಿಜವಾಗಿ ಬೇಕಾದದ್ದು ಸುದ್ದಿಯೋ, ಧಾರಾವಾಹಿಯೋ, ಆಟವೋ ಎಂದು ಬಿಡಿಸಿಕೊಳ್ಳಿ, ಏಕೆಂದರೆ ಮೂರಕ್ಕೂ ದಾರಿ ಬೇರೆ. ಸುದ್ದಿ ಅತ್ಯಂತ ಸುಲಭ. ಸುದ್ದಿ ವಾಹಿನಿಗಳಿಗೆ ತಮ್ಮ ದನಿ ಆದಷ್ಟು ದೂರ ತಲುಪಬೇಕೆಂಬ ಆಸೆಯಿರುವುದರಿಂದ ಅನೇಕ ವಾಹಿನಿಗಳು ತಮ್ಮ ನೇರಪ್ರಸಾರವನ್ನು ಯೂಟ್ಯೂಬ್‌ನಲ್ಲಿ ಬಾಗಿಲು ತೆರೆದೇ ಇಟ್ಟಿರುತ್ತವೆ.

ಧಾರಾವಾಹಿ ಮತ್ತು ಮನರಂಜನೆಗೆ, ಅದೇ ಸಂಸ್ಥೆಯ ಹೊರದೇಶದ ಆವೃತ್ತಿ ಇದೆಯೇ ಎಂದು ಹುಡುಕಿ. ಗಡಿಯಾಚೆಯ ವೀಕ್ಷಕರಿಗಾಗಿ ವಾಹಿನಿ ನಡೆಸುವುದು ಹೊಸದೇನಲ್ಲ. ಫ್ರೆಂಚ್ ಭಾಷೆಯ ಟಿವಿ5 ಮೊಂಡ್ 1984ರ ಜನವರಿಯಲ್ಲಿಯೇ ಶುರುವಾಯಿತು, ಇಟಲಿಯವರಿಗೆ ರಾಯ್ ಇಟಾಲಿಯಾ ಇದೆ, ಜಪಾನಿನವರಿಗೆ ಎನ್‌ಎಚ್‌ಕೆ ವರ್ಲ್ಡ್ ಪ್ರೀಮಿಯಂ ಇದೆ. ಇಂಥ ಆವೃತ್ತಿಗಳಲ್ಲಿ ಹೊರಗಿನಿಂದ ಕೊಂಡ ಸಿನಿಮಾ ಮತ್ತು ಪಂದ್ಯಗಳಲ್ಲಿ ಹಲವು ಇರುವುದಿಲ್ಲ, ಆದರೆ ಸಂಸ್ಥೆ ತಾನೇ ತಯಾರಿಸಿದ ಕಾರ್ಯಕ್ರಮಗಳು ಬಹುತೇಕ ಸಿಗುತ್ತವೆ, ಮನೆಮಂದಿ ಫೋನಿನಲ್ಲಿ ಚರ್ಚಿಸುವುದು ಹೆಚ್ಚಾಗಿ ಅವುಗಳನ್ನೇ. ಸಾಮಾನ್ಯವಾಗಿ ಇದಕ್ಕೆ ಹೊಸ ಚಂದಾ, ಹೊಸ ಖಾತೆ ಬೇಕಾಗುತ್ತದೆ. ಹಳೆಯದನ್ನು ನಿಲ್ಲಿಸಿ ಇದನ್ನು ತೆಗೆದುಕೊಳ್ಳುವುದೇ ನನ್ನ ಮಟ್ಟಿಗೆ ಅತ್ಯಂತ ನೆಮ್ಮದಿಯ ದಾರಿ.

ಬಿಬಿಸಿಯ ಆನ್‌ಲೈನ್ ಟಿವಿಯಾದ ಐಪ್ಲೇಯರ್‌ನಂತಹ ಸೇವೆಗಳ ಕಥೆ ಬೇರೆ. ಅದು ಬ್ರಿಟನ್ನಿನೊಳಗಿನವರಿಗಾಗಿ ಇರುವ ಸೇವೆ, 2016ರ ಸೆಪ್ಟೆಂಬರ್‌ನಿಂದ ಅದರಲ್ಲಿ ಯಾವುದನ್ನು ನೋಡಲೂ ಟಿವಿ ಲೈಸೆನ್ಸ್, ಅಂದರೆ ಅಲ್ಲಿಯ ಮನೆಯವರು ಟಿವಿ ನೋಡಲು ಶುಲ್ಕ ಕಟ್ಟಿ ಪಡೆಯುವ ಪರವಾನಗಿ, ಬೇಕು. ಲೈಸೆನ್ಸ್ ಕಟ್ಟಿದ ಬ್ರಿಟಿಷರೇ ರಜೆಗೆ ಹೊರದೇಶಕ್ಕೆ ಹೋದಾಗ ಅಲ್ಲಿಂದ ಅದನ್ನು ನೇರವಾಗಿ ನೋಡಲಾರರು, ಮೊದಲೇ ಡೌನ್‌ಲೋಡ್ ಮಾಡಿಕೊಂಡು ಹೊರಡಬೇಕು.

ಯುರೋಪಿಯನ್ ಒಕ್ಕೂಟ ಮಾತ್ರ ಇದಕ್ಕೊಂದು ಕಾನೂನು ಮಾಡಿದೆ. 2018ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ, ಒಂದು ಸದಸ್ಯ ದೇಶದಲ್ಲಿ ಹಣ ಕೊಟ್ಟು ಪಡೆದ ಆನ್‌ಲೈನ್ ಸೇವೆಯನ್ನು ಚಂದಾದಾರರು ತಾತ್ಕಾಲಿಕವಾಗಿ ಇನ್ನೊಂದು ಸದಸ್ಯ ದೇಶಕ್ಕೆ ಹೋದಾಗಲೂ, ಹೆಚ್ಚುವರಿ ಶುಲ್ಕವಿಲ್ಲದೆ, ಮನೆಯಲ್ಲಿದ್ದಂತೆಯೇ ಒದಗಿಸಬೇಕು. ‘ತಾತ್ಕಾಲಿಕ’ ಎಂಬ ಪದವನ್ನು ಗಮನಿಸಿ. ನೆಲೆಸಲು ಹೋದವರಿಗೆ ಇದು ಅನ್ವಯಿಸುವುದಿಲ್ಲ. ಉಚಿತ ಸೇವೆಗಳು ಇಷ್ಟವಿದ್ದರೆ ಮಾತ್ರ ಈ ನಿಯಮಕ್ಕೆ ಒಳಪಡಬಹುದು. ಬ್ರಿಟನ್ ಒಕ್ಕೂಟದಿಂದ ಹೊರಬಿದ್ದ ಮೇಲೆ, 2021ರ ಆರಂಭದಿಂದ, ಅಲ್ಲಿಯ ಚಂದಾದಾರರಿಗೆ ಈ ಸೌಲಭ್ಯ ತಪ್ಪಿತು. ನಿಮ್ಮ ಚಂದಾ ಮತ್ತು ನೀವಿರುವ ದೇಶ ಎರಡೂ ಒಕ್ಕೂಟದೊಳಗಿನವಾಗಿದ್ದು, ನಿಮ್ಮದು ಕೆಲವು ತಿಂಗಳ ನಿಯೋಜನೆಯಷ್ಟೇ ಆಗಿದ್ದರೆ, ಸಂಸ್ಥೆಗೆ ಬರೆದು ಕೇಳುವ ಹಕ್ಕು ನಿಮಗಿದೆ.

ಆಟದ ವಿಷಯದಲ್ಲಿ ತಾಯ್ನಾಡಿನ ವಾಹಿನಿಯನ್ನು ಮರೆತು, ನೀವಿರುವ ದೇಶದಲ್ಲಿ ಆ ಪಂದ್ಯಾವಳಿಯ ಹಕ್ಕು ಯಾರ ಬಳಿ ಇದೆ ಎಂದು ಹುಡುಕುವುದು ಲೇಸು. ಪಂದ್ಯಾವಳಿಯ ಅಧಿಕೃತ ತಾಣದಲ್ಲಿ ಸಾಮಾನ್ಯವಾಗಿ ದೇಶವಾರು ಪಟ್ಟಿ ಇರುತ್ತದೆ. ಚಿತ್ರ ಅದೇ, ಕಳೆದುಕೊಳ್ಳುವುದು ನಮ್ಮ ಭಾಷೆಯ ವೀಕ್ಷಕ ವಿವರಣೆಯನ್ನು. ಅದು ಸಣ್ಣ ನಷ್ಟವಲ್ಲ ಎಂಬುದನ್ನು ಒಪ್ಪುತ್ತೇನೆ.

ಒಂದು ಕೆಲಸವನ್ನು ಮಾತ್ರ ಮುಂದೂಡಬೇಡಿ: ತಾಯ್ನಾಡಿನ ಮೊಬೈಲ್ ಸಂಖ್ಯೆಯನ್ನು ಜೀವಂತವಾಗಿಡಿ. ನನ್ನದು ರೀಚಾರ್ಜ್ ಇಲ್ಲದೆ ಸತ್ತುಹೋಗುವ ಸ್ಥಿತಿಗೆ ಬಂದಾಗ ಆ ಸಿಮ್ಮನ್ನು ಅಣ್ಣನ ಮನೆಗೆ ಕಳುಹಿಸಿದೆ. ಅಲ್ಲಿಂದ ಮುಂದೆ ಪ್ರತಿ ಸಲ ಲಾಗಿನ್ ಆಗುವಾಗಲೂ ಓಟಿಪಿ ಅವನ ಮೇಜಿನ ಖಾನೆಯಲ್ಲಿದ್ದ ಹಳೆಯ ಫೋನಿಗೆ ಹೋಗುತ್ತಿತ್ತು. ನನಗೆ ಸಂಜೆ ಏಳಾದರೆ ಅಲ್ಲಿ ನಡುರಾತ್ರಿ ದಾಟಿರುತ್ತದೆ. ಅತ್ತಿಗೆ ನಿದ್ದೆಗಣ್ಣಿನಲ್ಲಿ ಎದ್ದು ಕನ್ನಡಕ ಹುಡುಕಿ ಆರು ಅಂಕಿ ಓದಿ ಹೇಳುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತಿತ್ತು. ಮೂರನೆಯ ಸಲ ಅವರು, ‘ಆ ಧಾರಾವಾಹಿಯಲ್ಲಿ ಏನಾಯಿತು ಅಂತ ನಾನೇ ಹೇಳಿಬಿಡುತ್ತೇನೆ, ಮಲಗಿಕೊಳ್ಳಿ’ ಎಂದರು. ಖಾತೆಯನ್ನು ಸಾಧ್ಯವಾದಷ್ಟು ಬೇಗ ಇಮೇಲ್‌ಗೆ ಬದಲಾಯಿಸಿಕೊಳ್ಳಿ. ಆ್ಯಪ್ ಸ್ಟೋರ್‌ನ ದೇಶ ಬದಲಿಸುವ ಮುನ್ನವೂ ಯೋಚಿಸಿ: ಗೂಗಲ್ ಪ್ಲೇನಲ್ಲಿ ವರ್ಷಕ್ಕೆ ಒಮ್ಮೆ ಮಾತ್ರ ಬದಲಿಸಬಹುದು, ಆ್ಯಪಲ್‌ನಲ್ಲಿ ಉಳಿದ ಹಣವನ್ನು ಖರ್ಚುಮಾಡಿ ಚಂದಾಗಳನ್ನು ರದ್ದುಮಾಡಿದ ಮೇಲಷ್ಟೇ ಬದಲಾವಣೆ ಸಾಧ್ಯ.

ಮನೆಯವರ ಸೆಟ್ ಟಾಪ್ ಬಾಕ್ಸಿಗೆ ಇನ್ನೊಂದು ಪೆಟ್ಟಿಗೆ ಜೋಡಿಸಿ ಅಲ್ಲಿಯ ಚಿತ್ರವನ್ನು ಇಲ್ಲಿಗೆ ತರಿಸಿಕೊಳ್ಳುವ ಉಪಾಯವನ್ನು ಯಾರಾದರೂ ಸೂಚಿಸಿಯಾರು. 2005ರಲ್ಲಿ ಮಾರುಕಟ್ಟೆಗೆ ಬಂದ ಸ್ಲಿಂಗ್‌ಬಾಕ್ಸ್ ಇದೇ ಕೆಲಸಕ್ಕಾಗಿ ಹೆಸರಾಗಿತ್ತು. 2022ರ ನವೆಂಬರ್ 9ರಂದು ಕಂಪನಿ ತನ್ನ ಸರ್ವರ್‌ಗಳನ್ನು ನಿಲ್ಲಿಸಿದೊಡನೆ ಜನರ ಮನೆಗಳಲ್ಲಿದ್ದ ಪೆಟ್ಟಿಗೆಗಳು ಕೆಲಸಕ್ಕೆ ಬಾರದಾದವು. ಸ್ವಂತವಾಗಿ ಇಂಥದ್ದನ್ನು ಕಟ್ಟಿಕೊಳ್ಳುವವರಿದ್ದಾರೆ, ಆದರೆ ಅದಕ್ಕೆ ಅಲ್ಲಿಯ ಮನೆಯ ಅಪ್‌ಲೋಡ್ ವೇಗ ಚೆನ್ನಾಗಿರಬೇಕು, ರೌಟರ್ ಮುನಿಸಿಕೊಂಡಾಗ ಹೋಗಿ ಸ್ವಿಚ್ ಆರಿಸಿ ಹಾಕುವ ತಾಳ್ಮೆಯವರೊಬ್ಬರು ಇರಬೇಕು.

ಒಂದೇ ಸಣ್ಣ ಮೊತ್ತಕ್ಕೆ ಸಾವಿರಾರು ವಾಹಿನಿ ಕೊಡುತ್ತೇವೆನ್ನುವ ಪೆಟ್ಟಿಗೆ ಮತ್ತು ಆ್ಯಪ್‌ಗಳಿಂದ ದೂರವಿರಿ. ಅಧಿಕೃತ ಸ್ಟೋರ್‌ನಲ್ಲಿ ಸಿಗದ, ವಾಟ್ಸ್‌ಆ್ಯಪ್‌ನಲ್ಲಷ್ಟೇ ಮಾತನಾಡುವ ಮಾರಾಟಗಾರರ ಸರಕು ಬಹುತೇಕ ಕದ್ದದ್ದೇ. ಕದ್ದ ಪ್ರಸಾರಗಳ ಕೊಂಡಿಗಳನ್ನು ತುಂಬಿದ ಪೆಟ್ಟಿಗೆ ಮಾರುವುದೇ ಹಕ್ಕುಸ್ವಾಮ್ಯದ ಉಲ್ಲಂಘನೆ ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2017ರ ಏಪ್ರಿಲ್‌ನಲ್ಲಿ ತೀರ್ಪಿತ್ತಿತು, ಅದನ್ನು ನೋಡುವವರಿಗೂ ಅದರಲ್ಲಿ ರಕ್ಷಣೆ ಸಿಗಲಿಲ್ಲ.

ಎಲ್ಲವೂ ಸರಿಹೋದ ಮೇಲೆ ಉಳಿಯುವುದು ವೇಗ ಮತ್ತು ಸಮಯ. ಎಚ್‌ಡಿ ಗುಣಮಟ್ಟಕ್ಕೆ ಸೆಕೆಂಡಿಗೆ 5 ಮೆಗಾಬಿಟ್ ಸಾಕು, ಆದರೆ ಆ ಲೆಕ್ಕದಲ್ಲಿ ಒಂದು ಗಂಟೆಗೆ ಸುಮಾರು 2.25 ಜಿಬಿ ಖರ್ಚಾಗುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡವರು ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿಕೊಳ್ಳಲಿ. ಇನ್ನು, ಆನ್‌ಲೈನ್ ನೇರಪ್ರಸಾರವೆನ್ನುವುದು ನೇರವಲ್ಲ. ಚಿತ್ರವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ ಕಳುಹಿಸುತ್ತಾರೆ, ಆ್ಯಪ್ ಅಂಥ ಮೂರ್ನಾಲ್ಕು ತುಣುಕುಗಳನ್ನು ಕೂಡಿಟ್ಟುಕೊಂಡ ಮೇಲೆ ತೋರಿಸಲು ತೊಡಗುತ್ತದೆ, ಹೀಗಾಗಿ ಟಿವಿಗಿಂತ ಅರ್ಧ ನಿಮಿಷ ಹಿಂದೆ ಬೀಳುವುದು ಮಾಮೂಲು. ನನ್ನ ಪರದೆಯಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುವಾಗಲೇ ಫೋನಿನ ಆ ತುದಿಯಲ್ಲಿ ಅಣ್ಣ ‘ಹೋಯ್ತು!’ ಎಂದು ಕೂಗಿದ್ದು ಒಂದೆರಡು ಸಲವಲ್ಲ. ಈಗ ಪಂದ್ಯದ ದಿನ ಫೋನ್ ಮಾಡಿದೊಡನೆ ಅವನು ಯೋಗಕ್ಷೇಮಕ್ಕೂ ಮೊದಲು, ‘ನಿನ್ನಲ್ಲಿ ಎಷ್ಟನೇ ಚೆಂಡು?’ ಎಂದು ಕೇಳಿ, ನಾನು ಹೇಳಿದ ಮೇಲೆಯೇ ಬಾಯಿ ಬಿಡುತ್ತಾನೆ.