ಓಡುವಾಗ ತಂಪು, ಸಿಗ್ನಲ್‌ನಲ್ಲಿ ಬಿಸಿ: ಹಳೇ ಕಾರಿನ ಎಸಿಗೆ ಕಂಪ್ರೆಸರ್ ಬದಲಿಸಬೇಕಾ?

ನಿಮ್ಮದು 2009ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಓಡಿಸೋದು ಬೆಂಗಳೂರಿನಲ್ಲಿ. ರಿಂಗ್ ರೋಡಿನಲ್ಲಿ ಓಡುತ್ತಿದ್ದರೆ ಎಸಿ ತಣ್ಣಗಿರುತ್ತೆ, ಸಿಗ್ನಲ್‌ನಲ್ಲಿ ಐದು ನಿಮಿಷ ನಿಂತರೆ ಬಿಸಿಗಾಳಿ. ಎರಡು ಬೇಸಿಗೆಯಲ್ಲೂ ಗ್ಯಾಸ್ ಹಾಕಿಸಿದ್ದೀರಿ, ಈಗ ಮೆಕ್ಯಾನಿಕ್ ಕಂಪ್ರೆಸರ್ ಹೋಗಿದೆ ಅಂತಿದ್ದಾರೆ. ಹಾಕಿಸಲಾ ಅಂತ ಕೇಳಿದ್ದೀರಿ.

ಈಗಲೇ ಹಾಕಿಸಬೇಡಿ. ಈ ಲಕ್ಷಣಕ್ಕೆ ನಾನು ಮೊದಲು ಅನುಮಾನಿಸೋದು ಬಾನೆಟ್ ಮುಂದಿನ ಗಾಳಿಯನ್ನು, ಕಂಪ್ರೆಸರನ್ನಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ ಎಸಿ ರಿಪೇರಿಯಲ್ಲಿ ಆಗುವಷ್ಟು ಬೇರೆಲ್ಲೂ ಆಗಲ್ಲ.

ಕಾರು ಓಡುವಾಗ ಎರಡು ಸಂಗತಿ ಒಟ್ಟಿಗೆ ಬದಲಾಗುತ್ತವೆ. ಎಂಜಿನ್ ಜೋರಾಗಿ ತಿರುಗುವುದರಿಂದ ಕಂಪ್ರೆಸರ್ ಹೆಚ್ಚು ಗ್ಯಾಸ್ ತಳ್ಳುತ್ತೆ. ಜೊತೆಗೆ ಎದುರುಗಾಳಿ ಕಂಡೆನ್ಸರನ್ನು (ಗ್ರಿಲ್ ಹಿಂದೆ, ರೇಡಿಯೇಟರ್ ಮುಂದೆ ಇದ್ದು ಗ್ಯಾಸಿನ ಬಿಸಿಯನ್ನು ಹೊರಬಿಡುವ ಜಾಲರಿ) ತಣಿಸುತ್ತೆ. ಯಾವುದರಿಂದ ನಿಮಗೆ ತಂಪು ಸಿಗ್ತಿದೆ ಅಂತ ಬೇರೆಬೇರೆ ಮಾಡಿ ನೋಡಿದರೆ ಅರ್ಧ ರೋಗ ಪತ್ತೆಯಾದ ಹಾಗೆ. ಇದಕ್ಕೆ ಗ್ಯಾಸಿನ ಒತ್ತಡ ಅಳೆಯುವ ಗೇಜೂ ಬೇಡ. ಅಡುಗೆಮನೆ ಥರ್ಮಾಮೀಟರ್ ಒಂದನ್ನು ನಡುವಿನ ವೆಂಟ್‌ಗೆ ಸಿಕ್ಕಿಸಿ, ರೀಸರ್ಕ್ಯುಲೇಶನ್ ಹಾಕಿ, ಬ್ಲೋಯರ್ 2ರಲ್ಲಿಟ್ಟು, ಬಿಸಿಲಲ್ಲಿ ನಿಲ್ಲಿಸಿ ಹತ್ತು ನಿಮಿಷ ಐಡಲ್ ಬಿಡಿ. ಗಾಳಿ ಬಿಸಿಯಾದ ಮೇಲೆ:

ಮೊದಲು ನಿಂತಲ್ಲೇ 2000 ಆರ್‌ಪಿಎಂ ತನಕ ರೇಸ್ ಕೊಟ್ಟು ಎರಡು ನಿಮಿಷ ಹಿಡಿಯಿರಿ. ಮತ್ತೆ ಐಡಲ್‌ಗೆ ಬಿಟ್ಟು, ಇನ್ನೊಬ್ಬರಿಂದ ಗ್ರಿಲ್ ಮೂಲಕ ಕಂಡೆನ್ಸರ್ ಮೇಲೆ ಸ್ಪ್ರೇ ಬಾಟಲಿಯಲ್ಲಿ ನೀರು ಹೊಡೆಸಿ. ಫ್ಯಾನ್ ಯಾವಾಗ ಬೇಕಾದರೂ ತಿರುಗಬಹುದು, ಕೈ ಒಳಗೆ ಹಾಕಬಾರದು. ರೇಸ್ ಕೊಟ್ಟರೆ ತಂಪಾಗಿ, ನೀರಿನಿಂದ ಏನೂ ಆಗದಿದ್ದರೆ ಗ್ಯಾಸ್ ಕಡಿಮೆ ಅಥವಾ ಕಂಪ್ರೆಸರ್ ಸೋತಿದೆ. ರೇಸಿಗೆ ಜಗ್ಗದೆ, ನೀರು ಬಿದ್ದ ಕೂಡಲೇ ವೆಂಟ್ ಐದಾರು ಡಿಗ್ರಿ ಇಳಿದರೆ ತೊಂದರೆ ಕಂಡೆನ್ಸರ್ ಕಡೆಯದು. (ಎಂಜಿನ್‌ಗೇ ಜೋಡಿಸಿದ ಫ್ಯಾನ್ ಇರುವ ಹಳೇ ಜೀಪು, ಎಂಯುವಿಗಳಲ್ಲಿ ಈ ಪರೀಕ್ಷೆ ದಾರಿ ತಪ್ಪಿಸುತ್ತೆ, ರೇಸ್ ಕೊಟ್ಟರೆ ಅಲ್ಲಿ ಫ್ಯಾನೂ ಜೋರಾಗುತ್ತೆ.)

ನಿಮ್ಮ ಕಾರಿನಲ್ಲಿ ನೀರಿನ ಪರೀಕ್ಷೆಯೇ ಗೆಲ್ಲುತ್ತೆ ಅನ್ನೋದು ನನ್ನ ಅಂದಾಜು. ಹಾಗಾದರೆ ಫ್ಯಾನ್ ನೋಡಿ. ಫ್ಯಾನ್ ತಿರುಗ್ತಿದೆ ಅನ್ನೋದಷ್ಟೇ ಸಾಲದು. ಒಂದು ಹಾಳೆ ದಿನಪತ್ರಿಕೆಯನ್ನು ಕಂಡೆನ್ಸರ್ ಮುಂದೆ ಹಿಡಿದರೆ ಅದು ಗಟ್ಟಿಯಾಗಿ ಅಂಟಿಕೊಳ್ಳಬೇಕು. ಜೋತುಬಿದ್ದರೆ ಮೋಟರ್ ಬ್ರಶ್ ಸವೆದಿದೆ ಅಥವಾ ವೋಲ್ಟೇಜ್ ಸಾಲ್ತಿಲ್ಲ. ಫ್ಯಾನ್ ಕನೆಕ್ಟರ್‌ನಲ್ಲೇ ಮೀಟರ್ ಇಟ್ಟು, ಫುಲ್ ಸ್ಪೀಡ್‌ನಲ್ಲಿ ತಿರುಗುವಾಗ ಅಳೆಯಿರಿ. ಬ್ಯಾಟರಿ ವೋಲ್ಟೇಜಿಗಿಂತ ಒಂದು ವೋಲ್ಟ್ ಕಮ್ಮಿಯಿದ್ದರೆ ಅರ್ತ್ ಅಥವಾ ರಿಲೇ ಸುಟ್ಟಿರುತ್ತೆ. ಹಾಳೆ ಕಂಡೆನ್ಸರಿನಿಂದ ಆಚೆಗೆ ಹಾರಿದರೆ ಇನ್ನೂ ಮಜಾ: ಮೋಟರ್ ಬದಲಿಸಿದವರು ವೈರ್ ಅದಲುಬದಲು ಕೊಟ್ಟು ಫ್ಯಾನ್ ಉಲ್ಟಾ ಓಡ್ತಿದೆ. ಓಡುವಾಗ ಎದುರುಗಾಳಿ ಇದನ್ನು ಮುಚ್ಚಿಹಾಕುತ್ತೆ, ಹಾಗಾಗಿ ವರ್ಷಗಟ್ಟಲೆ ಗೊತ್ತೇ ಆಗಲ್ಲ.

ಫ್ಯಾನ್ ಸರಿಯಿದ್ದರೆ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿ. ಮುಂದಿನಿಂದ ಕಂಡೆನ್ಸರ್ ಚೊಕ್ಕವಾಗಿ ಕಾಣುತ್ತೆ, ಹಿಂದೆ ಹದಿನೈದು ವರ್ಷದ ಧೂಳು, ಎಲೆ, ಹುಳ ಕಂಬಳಿಯ ಹಾಗೆ ಕೂತಿರುತ್ತೆ. ಮೇಲಿನ ಬ್ರಾಕೆಟ್ ಬಿಚ್ಚಿ, ರೇಡಿಯೇಟರನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಎಂಜಿನ್ ಕಡೆಯಿಂದ ಹೊರಕ್ಕೆ ಸಾದಾ ಪೈಪಿನಲ್ಲಿ ನೀರು ಬಿಡಿ. ವಾಟರ್ ಸರ್ವೀಸ್ ಗನ್ ಹಿಡಿದರೆ ಫಿನ್ (ಜಾಲರಿಯ ತೆಳು ತಗಡು) ಮಲಗಿ ಇದ್ದ ದಾರಿಯೂ ಮುಚ್ಚಿಹೋಗುತ್ತೆ. ಸುತ್ತಲ ಫೋಮ್ ಪಟ್ಟಿ ಉದುರಿದ್ದರೆ ಹೊಸದು ಅಂಟಿಸಿ. ಅದಿಲ್ಲದಿದ್ದರೆ ನಿಂತಾಗ ಎಂಜಿನ್ ಬಿಸಿಗಾಳಿಯೇ ಸುತ್ತಿ ಬಂದು ಮತ್ತೆ ಕಂಡೆನ್ಸರ್ ಹೊಗುತ್ತೆ.

ಇನ್ನು ಗ್ಯಾಸ್. ಎಸಿ ಗ್ಯಾಸ್ ಪೆಟ್ರೋಲ್ ಹಾಗೆ ಖರ್ಚಾಗುವ ವಸ್ತು ಅಲ್ಲ. ವರ್ಷಕ್ಕೊಮ್ಮೆ ಹಾಕಿಸಬೇಕಾದರೆ ಎಲ್ಲೋ ಸೋರ್ತಿದೆ. ಅದಕ್ಕಿಂತ ಕೆಟ್ಟದ್ದು, ತೂಕ ಮಾಡದೆ ಗೇಜ್ ನೋಡಿ ತುಂಬಿದ ಗ್ಯಾಸ್ ಜಾಸ್ತಿಯಾಗಿರಬಹುದು. ನಿಮ್ಮ ಗಾತ್ರದ ಕಾರುಗಳಿಗೆ ಆರ್-134ಎ (ಇವುಗಳ ಎಸಿ ಗ್ಯಾಸ್) ಸಾಮಾನ್ಯವಾಗಿ 350ರಿಂದ 500 ಗ್ರಾಂ ಅಷ್ಟೇ. ಸರಿಯಾದ ಲೆಕ್ಕ ಬಾನೆಟ್ ಕೆಳಗಿನ ಸ್ಟಿಕ್ಕರ್ ಮೇಲಿರುತ್ತೆ. ಇಷ್ಟು ಚಿಕ್ಕ ಸಿಸ್ಟಮ್‌ನಲ್ಲಿ 100 ಗ್ರಾಂ ಹೆಚ್ಚಾದರೂ ಕಂಡೆನ್ಸರ್ ತಳದಲ್ಲಿ ದ್ರವ ತುಂಬಿಕೊಂಡು, ಬಿಸಿ ಬಿಡಲು ಜಾಗ ಸಾಲದೆ, ಸಿಗ್ನಲ್‌ನಲ್ಲಿ ನಿಮ್ಮದೇ ಲಕ್ಷಣ ಕಾಣಿಸುತ್ತೆ.

ಎಸಿ ಆಫ್ ಇದ್ದಾಗ ಗೇಜ್ ಹಾಕಿ "ಗ್ಯಾಸ್ ಅರ್ಧ ಇದೆ" ಅಂದವರನ್ನು ನಂಬಬೇಡಿ. ಒಳಗೆ ಒಂದು ಚಮಚ ದ್ರವ ಉಳಿದಿದ್ದರೂ ಒತ್ತಡ ತೋರಿಸೋದು ಉಷ್ಣಾಂಶವನ್ನೇ, ಪ್ರಮಾಣವನ್ನಲ್ಲ: 25 ಡಿಗ್ರಿಗೆ ಸುಮಾರು 82 ಪಿಎಸ್‌ಐ, 30ಕ್ಕೆ ಸುಮಾರು 97. ಆದರೂ ಈ ಅಳತೆ ಒಂದು ಕೆಲಸಕ್ಕೆ ಬರುತ್ತೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಗ್ಗೆ ನೋಡಿ. ಆ ಉಷ್ಣಾಂಶಕ್ಕೆ ಇರಬೇಕಾದ್ದಕ್ಕಿಂತ 15–20 ಪಿಎಸ್‌ಐ ಹೆಚ್ಚಿದ್ದರೆ ಒಳಗೆ ಗಾಳಿ ಸೇರಿದೆ ಅಥವಾ ಕಲಬೆರಕೆ ಗ್ಯಾಸ್ ಹಾಕಿದ್ದಾರೆ. ಟಾಪ್-ಅಪ್ ಮಾಡಿಸಿದ ಕಾರುಗಳಲ್ಲಿ ಇದು ಅಪರೂಪವೇನಲ್ಲ. ತುಂಬಾ ಕಡಿಮೆಯಿದ್ದರೆ ದ್ರವವೇ ಉಳಿದಿಲ್ಲ.

ಸೋರಿಕೆ ಹುಡುಕಲು ಮೊದಲು ಕಣ್ಣು ಸಾಕು. ಗ್ಯಾಸ್ ಜೊತೆ ಎಣ್ಣೆಯೂ ಬರುತ್ತೆ, ಅದರ ಮೇಲೆ ಧೂಳು ಕೂತು ಕಪ್ಪು ಕಲೆಯಾಗುತ್ತೆ. ಕಂಡೆನ್ಸರಿನ ಕೆಳಮೂಲೆ, ಪೈಪಿನ ಜಾಯಿಂಟ್, ಕಂಪ್ರೆಸರ್ ಮುಂಭಾಗ, ಸರ್ವೀಸ್ ವಾಲ್ವ್ ನೋಡಿ. ಕಾಣದಿದ್ದರೆ ಉಳಿದ ಗ್ಯಾಸನ್ನು ಸಿಲಿಂಡರಿಗೆ ತೆಗೆಸಿ, ಸುಮಾರು 150 ಪಿಎಸ್‌ಐ ನೈಟ್ರೋಜನ್ ತುಂಬಿಸಿ ಸೋಪಿನ ನೀರು ಹಚ್ಚಿಸಿ. ಆಕ್ಸಿಜನ್ ಮಾತ್ರ ಯಾವ ಕಾರಣಕ್ಕೂ ಬೇಡ, ಎಣ್ಣೆ ಸೇರಿದರೆ ಸ್ಫೋಟ. ಡಬ್ಬಿಯಲ್ಲಿ ಬರುವ ಲೀಕ್ ಸೀಲರ್ ಕೂಡ ಬೇಡ. ಎಕ್ಸ್‌ಪ್ಯಾನ್ಶನ್ ವಾಲ್ವ್ (ಕೂಲಿಂಗ್ ಕಾಯಿಲ್ಲಿಗೆ ಗ್ಯಾಸ್ ಬಿಡುವ ಸಣ್ಣ ದಾರಿ) ಕಟ್ಟುತ್ತೆ. ತೂತು ಮುಚ್ಚಿದ ಮೇಲೆ ಬಿಚ್ಚಿದ ಜಾಯಿಂಟಿಗೆಲ್ಲ ಹೊಸ ಓ-ರಿಂಗ್, ತೇವ ಹೀರುವ ಹೊಸ ಡ್ರೈಯರ್, ಅರ್ಧ ಗಂಟೆಗೆ ಕಡಿಮೆಯಿಲ್ಲದ ವ್ಯಾಕ್ಯೂಮ್ (ಪಂಪಿನಿಂದ ಒಳಗಿನ ಗಾಳಿಯನ್ನೆಲ್ಲ ಎಳೆದು ತೆಗೆಯೋದು). ಆಮೇಲೆ ಪಂಪ್ ಆಫ್ ಮಾಡಿ ಇಪ್ಪತ್ತು ನಿಮಿಷ ಮುಳ್ಳು ಅಲ್ಲಾಡದೆ ನಿಲ್ಲಬೇಕು. ಮಂಗಳೂರಿನಲ್ಲಿ ಗೇಜ್ 29 ಇಂಚು ದಾಟಿದರೆ ಬೆಂಗಳೂರಿನಲ್ಲಿ 27ರ ಆಸುಪಾಸಿಗೇ ನಿಲ್ಲುತ್ತೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿದ್ದೇವೆ, ಇಲ್ಲಿ ಗಾಳಿಯ ಒತ್ತಡವೇ ಕಮ್ಮಿ, ಪಂಪಿನ ತಪ್ಪಲ್ಲ. ಕೊನೆಗೆ ತಕ್ಕಡಿ ಮೇಲಿಟ್ಟು ಸ್ಟಿಕ್ಕರಿನ ತೂಕದಷ್ಟೇ ತುಂಬಿಸಿ.

ಲಕ್ಷಣ ಸ್ವಲ್ಪ ಬೇರೆಯಿದ್ದರೆ: ಅರ್ಧ ಗಂಟೆ ಓಡಿದ ಮೇಲೆ ಕಂಪ್ರೆಸರಿನ ಕ್ಲಚ್ (ಗೇರಿನದಲ್ಲ) ಬಿಟ್ಟು, ತಣಿದ ಮೇಲೆ ಮತ್ತೆ ಹಿಡಿದರೆ ಕ್ಲಚ್ಚಿನ ಗ್ಯಾಪ್ ಹೆಚ್ಚಾಗಿದೆ, 0.3ರಿಂದ 0.6 ಮಿಮೀ ಇರಬೇಕು, ಒಂದು ಶಿಮ್ (ತೆಳು ವಾಷರ್) ತೆಗೆದರೆ ಮುಗೀತು. ಹೈವೇಯಲ್ಲಿ ಗಾಳಿಯ ರಭಸವೇ ಕುಗ್ಗಿದರೆ ಕೂಲಿಂಗ್ ಕಾಯಿಲ್ ಮಂಜುಗಟ್ಟುತ್ತಿದೆ, ಅದರ ಉಷ್ಣಾಂಶ ಅಳೆಯುವ ಥರ್ಮಿಸ್ಟರ್ ನೋಡಿ. ಬ್ಲೋಯರ್ ಕೊನೇ ಸ್ಪೀಡಿನಲ್ಲಿ ಮಾತ್ರ ಓಡಿದರೆ ರೆಸಿಸ್ಟರ್. ಯಾವಾಗಲೂ ಅರೆತಂಪಾದರೆ ಹೀಟರ್ ಹೋಸನ್ನು ಕ್ಲ್ಯಾಂಪಿನಿಂದ ಅಮುಕಿ. ತಂಪು ಹೆಚ್ಚಾದರೆ ಬಿಸಿನೀರು ಒಳಗೆ ಸುತ್ತುತ್ತಿದೆ, ಕೇಬಲ್ ಅಥವಾ ಫ್ಲಾಪ್ ಸರಿಯಿಲ್ಲ.

ಇಷ್ಟೆಲ್ಲ ಆದಮೇಲೆ ಕಂಪ್ರೆಸರ್. ಸರಿಯಾದ ತೂಕದ ಗ್ಯಾಸ್, 1500 ಆರ್‌ಪಿಎಂ, ಹೊರಗೆ 32 ಡಿಗ್ರಿ ಇದ್ದಾಗ ನೀಲಿ ಗೇಜ್ (ಕಡಿಮೆ ಒತ್ತಡದ ಕಡೆ) 25–40, ಕೆಂಪು ಗೇಜ್ (ಹೆಚ್ಚು ಒತ್ತಡದ ಕಡೆ) 200–225 ಪಿಎಸ್‌ಐ ಸುತ್ತ ಇರಬೇಕು. ಎರಡೂ ಮೇಲೇರಿದ್ದರೆ ಕಂಡೆನ್ಸರ್ ಕಥೆ ಇನ್ನೂ ಮುಗಿದಿಲ್ಲ. ನೀಲಿ ಏರಿ, ಕೆಂಪು ಇಳಿದು, ರೇಸ್ ಕೊಟ್ಟರೂ ಅಂತರ ಹೆಚ್ಚದಿದ್ದರೆ ಮಾತ್ರ ಕಂಪ್ರೆಸರ್ ಬಿಚ್ಚಿಸಿ. ಬಿಚ್ಚಿದಾಗ ಎಣ್ಣೆಯನ್ನು ಬಿಳಿ ಕಾಗದದ ಮೇಲೆ ಸುರಿಸಿ ನೋಡಿ. ಬೂದು ಬಣ್ಣಕ್ಕೆ ತಿರುಗಿ ಲೋಹದ ಪುಡಿ ಮಿಂಚಿದರೆ ಕಂಡೆನ್ಸರನ್ನೂ ಎಕ್ಸ್‌ಪ್ಯಾನ್ಶನ್ ವಾಲ್ವನ್ನೂ ಜೊತೆಗೇ ಬದಲಿಸಬೇಕು, ಇಲ್ಲದಿದ್ದರೆ ಅದೇ ಪುಡಿ ಹೊಸ ಕಂಪ್ರೆಸರನ್ನೂ ತಿನ್ನುತ್ತೆ.