ಕೈಯೆತ್ತಿ ಹಾಡುವ ಕರಿಸ್ಮ್ಯಾಟಿಕ್ ಪ್ರಾರ್ಥನೆ ಕ್ಯಾಥೊಲಿಕರದ್ದೇನಾ?

ಹೌದು, ಕ್ಯಾಥೊಲಿಕರದ್ದೇ. ಬೇರೆ ಪಂಗಡ ಅಲ್ಲ. 1967ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಡ್ಯುಕೇನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ರಾರ್ಥನಾ ಕೂಟದಿಂದ ಶುರುವಾಯಿತು. ವ್ಯಾಟಿಕನ್ನಿನ ಒಪ್ಪಿಗೆಯೂ ಇದೆ.

ಇಲ್ಲಿ ಮುಂಬೈಯಲ್ಲಿ ನಾವು ನೋಡಿ ಬೆಳೆದ ಭಕ್ತಿಯ ರೀತಿ ಬೇರೆ, ಅಲ್ವಾ? ಬುಧವಾರ ಮಾಹಿಮ್ ಚರ್ಚಿನ ನೊವೆನಾಕ್ಕೆ, ಅಂದರೆ ಮಾತೆ ಮೇರಿಗೆ ಸಲ್ಲಿಸುವ ಹರಕೆಯ ಪ್ರಾರ್ಥನೆಗೆ, ನಮ್ಮ ಕನ್ನಡದವರೂ ಸಾಲಿನಲ್ಲಿ ನಿಲ್ಲುತ್ತಾರೆ. ಮನೆ ಬೇಕೆಂದವರ ಕೈಯಲ್ಲಿ ಮೇಣದ ಪುಟ್ಟ ಮನೆ, ಕಾಲು ನೋವಿನವರ ಕೈಯಲ್ಲಿ ಮೇಣದ ಕಾಲು. ಪ್ರಾರ್ಥನೆಯ ಮಾತು ಎಲ್ಲರಿಗೂ ಒಂದೇ, ಬಾಯಿಪಾಠ.

ಕರಿಸ್ಮ್ಯಾಟಿಕ್ ಕೂಟದಲ್ಲಿ ಅವರವರ ಮಾತಲ್ಲೇ ಜೋರಾಗಿ ಪ್ರಾರ್ಥನೆ, ಚಪ್ಪಾಳೆ, ತಲೆ ಮೇಲೆ ಕೈಯಿಟ್ಟು ಪವಿತ್ರಾತ್ಮನನ್ನು ಬೇಡುವುದು ಜಾಸ್ತಿ. ಜಪಮಾಲೆ ಅಲ್ಲೂ ಇದೆ. ಎರಡೂ ನನಗೆ ಪ್ರೀತಿಯವೇ. ಆದರೆ ಯಾರಾದರೂ ಬಲಿಪೂಜೆ (ಚರ್ಚಿನಲ್ಲಿ ಪಾದ್ರಿ ನಡೆಸುವ ಮಾಸ್) ಬೇಡ, ಔಷಧಿ ನಿಲ್ಲಿಸಿ ಎಂದರೆ ಕೇಳಬೇಡಿ. ಅದು ಕ್ಯಾಥೊಲಿಕ್ ಧರ್ಮಸಭೆಯ ಬೋಧನೆ ಅಲ್ಲವೇ ಅಲ್ಲ.